ಮರದ ಮಾದರಿ ಲಾರಿ, ಯಂತ್ರಗಳನ್ನು ಕಟ್ಟುವ ಕ್ರಮ: ಒಂದು ಸಮಗ್ರ ಮಾರ್ಗದರ್ಶಿ

ಮರದಲ್ಲಿ ಲಾರಿ, ಬುಲ್ಡೋಜರ್, ಅಗೆಯುವ ಯಂತ್ರಗಳ ಮಾದರಿ ಮಾಡಲು ಹೊರಟವರಿಗೆ ಎದುರಾಗುವ ತೊಂದರೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಮುಗಿದ ಲಾರಿ ಸಮತಟ್ಟಾದ ಮೇಜಿನ ಮೇಲೂ ಕುಂಟುತ್ತದೆ. ಚಕ್ರ ತಿರುಗುವಾಗ ಓಲಾಡುತ್ತದೆ. ಕ್ಯಾಬಿನ್ನಿನ ಎಡಬಲ ಕಿಟಕಿಗಳು ಒಂದೇ ಎತ್ತರದಲ್ಲಿ ಕೂರುವುದಿಲ್ಲ. ಯಂತ್ರದ ತೋಳು ಅರ್ಧಕ್ಕೆ ಎದ್ದು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಕೈ ಪಳಗಿಲ್ಲವೆಂದು ಬೇಸರಪಟ್ಟು ಕೆಲಸ ಬಿಡುವವರೂ, ಇನ್ನಷ್ಟು ದುಬಾರಿ ಯಂತ್ರ ಕೊಳ್ಳುವವರೂ ಇದ್ದಾರೆ. ಆದರೆ ಇವುಗಳಲ್ಲಿ ಹೆಚ್ಚಿನವು ಕೆಲಸದ ಸರದಿ ತಪ್ಪಿದ್ದರಿಂದ ಹುಟ್ಟುವ ದೋಷಗಳು. ಆಕಾರ ಕತ್ತರಿಸಿದ ಮೇಲೆ ತೂತು ಕೊರೆಯುವುದು, ಜೋಡಿಸಿದ ಮೇಲೆ ಉಜ್ಜುವುದು, ಚಕ್ರದ ನಿಜವಾದ ಅಳತೆ ಕೈಗೆ ಬರುವ ಮೊದಲೇ ಚಾಸಿಸ್ (ತಳದ ಚೌಕಟ್ಟು) ಮುಗಿಸಿಬಿಡುವುದು, ಈ ಮೂರನ್ನು ತಪ್ಪಿಸಿದರೆ ಸಾಧಾರಣ ಉಪಕರಣಗಳಿಂದಲೂ ಅಚ್ಚುಕಟ್ಟಾದ ಮಾದರಿ ಕಟ್ಟಬಹುದು.

## ಬೇಕಾಗುವ ಉಪಕರಣಗಳು

ಅಳತೆಗೆ ಉಕ್ಕಿನ ಸ್ಕೇಲ್, ಮೂಲೆಮಟ್ಟ ಮತ್ತು ಒಂದು ವರ್ನಿಯರ್ ಕ್ಯಾಲಿಪರ್ ಇರಲೇಬೇಕು. ಕತ್ತರಿಸಲು ಸ್ಕ್ರೋಲ್ ಸಾ ಅಥವಾ ಬ್ಯಾಂಡ್ ಸಾ ಸಾಕು. ಇವೆರಡೂ ಇಲ್ಲದವರು ಬಾಗಿದ ಗೆರೆಗಳಿಗೆ ಕೋಪಿಂಗ್ ಗರಗಸವನ್ನೂ ನೇರ ಗೆರೆಗಳಿಗೆ ಸಣ್ಣ ಹಲ್ಲಿನ ಕೈಗರಗಸವನ್ನೂ ಬಳಸಬಹುದು. ತೂತು ಕೊರೆಯುವ ವಿಷಯದಲ್ಲಿ ಮಾತ್ರ ರಾಜಿ ಕಷ್ಟ. ಕೈಯಲ್ಲಿ ಹಿಡಿದ ಡ್ರಿಲ್ ಎಷ್ಟೇ ಎಚ್ಚರದಿಂದ ಬಳಸಿದರೂ ಒಂದೆರಡು ಡಿಗ್ರಿ ವಾಲುತ್ತದೆ, ಆ ವಾಲು ಚಕ್ರದ ಅಂಚಿನಲ್ಲಿ ಎದ್ದು ಕಾಣುತ್ತದೆ. ಒಂದೇ ಒಂದು ಯಂತ್ರ ಕೊಳ್ಳುವುದಾದರೆ ಅದು ಡ್ರಿಲ್ ಪ್ರೆಸ್ (ಮೇಜಿಗೆ ಲಂಬವಾಗಿ ಬಿಟ್ ಇಳಿಸುವ ಯಂತ್ರ) ಆಗಿರಲಿ.

ಇದರ ಜೊತೆಗೆ ಮೊನೆಯುಳ್ಳ ಬ್ರ್ಯಾಡ್ ಪಾಯಿಂಟ್ ಬಿಟ್‌ಗಳು, ತಳ ಚಪ್ಪಟೆಯಾಗಿ ಕೊರೆಯುವ ಫೋರ್ಸ್ಟ್‌ನರ್ ಬಿಟ್‌ಗಳು, ದುಂಡು ಬಿಲ್ಲೆಯನ್ನು ಕತ್ತರಿಸಿ ತೆಗೆಯುವ ಹೋಲ್ ಸಾ, 6 ಮಿ.ಮೀ. ಮತ್ತು 12 ಮಿ.ಮೀ. ಉಳಿ, ಅರಗಳು, ಆರೆಂಟು ಸಣ್ಣ ಕ್ಲ್ಯಾಂಪ್‌ಗಳು, ಎರಡೂ ಬದಿಗೆ ಅಂಟಿರುವ ಟೇಪ್, ಬಿಳಿ ಮರಗೋಂದು ಹಾಗೂ 120ರಿಂದ 320ರವರೆಗಿನ ಉಪ್ಪುಕಾಗದ (ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಬೇಕು. ಕನ್ನಡಕ ಮತ್ತು ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಕೂಡ ಉಪಕರಣಗಳ ಪಟ್ಟಿಗೇ ಸೇರುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿನಲ್ಲಿ ಇರಿಸಿದೆ. ಮಾದರಿ ಕೆಲಸದಲ್ಲಿ ಕತ್ತರಿಸುವುದಕ್ಕಿಂತ ಉಜ್ಜುವುದೇ ಹೆಚ್ಚಾದ್ದರಿಂದ ಅತಿ ನುಣ್ಣನೆಯ ಧೂಳು ಏಳುತ್ತದೆ. ಬೀಟೆ ಮತ್ತು ತೇಗದ ಧೂಳು ಕೆಲವರಿಗೆ ಚರ್ಮದ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುತ್ತದೆ.

## ಹಂತ 1: ಪ್ರಮಾಣ ನಿಗದಿ ಮತ್ತು ನಕ್ಷೆ

ಮೊದಲು ಪ್ರಮಾಣವನ್ನು ನಿಶ್ಚಯಿಸಿ. 1:16 ಪ್ರಮಾಣ ಹೊಸಬರಿಗೆ ಅನುಕೂಲಕರ. 2.5 ಮೀಟರ್ ಅಗಲದ ಲಾರಿ ಈ ಪ್ರಮಾಣದಲ್ಲಿ ಸುಮಾರು 156 ಮಿ.ಮೀ. ಆಗುತ್ತದೆ, ಒಂದು ಮೀಟರ್ ವ್ಯಾಸದ ಟೈರು 62.5 ಮಿ.ಮೀ. ಆಗುತ್ತದೆ. 1:24ಕ್ಕೆ ಇಳಿದರೆ ಅದೇ ಟೈರು 42 ಮಿ.ಮೀ.ಗೆ ಕುಗ್ಗುತ್ತದೆ, ಕನ್ನಡಿಯ ಕಂಬಿಯಂಥ ಭಾಗಗಳು ಮರದಲ್ಲಿ ನಿಲ್ಲದಷ್ಟು ತೆಳುವಾಗುತ್ತವೆ. ಮೊದಲ ಮಾದರಿಯನ್ನು ಚಿಕ್ಕದಾಗಿ ಮಾಡಿದರೆ ಸುಲಭವೆಂಬ ನಂಬಿಕೆ ಈ ಹವ್ಯಾಸದಲ್ಲಿ ತಲೆಕೆಳಗು.

ನಕ್ಷೆಯನ್ನು ಮುದ್ರಿಸುವಾಗ ಹಾಳೆಗೆ ಹೊಂದಿಸುವ ಆಯ್ಕೆಯನ್ನು ತೆಗೆದು, ನೂರಕ್ಕೆ ನೂರು ಗಾತ್ರದಲ್ಲಿಯೇ ಮುದ್ರಿಸಬೇಕು. ಮುದ್ರಣವಾದ ಮೇಲೆ ನಕ್ಷೆಯಲ್ಲಿರುವ ಉದ್ದನೆಯ ಗೆರೆಯೊಂದನ್ನು ಸ್ಕೇಲಿನಿಂದ ಅಳೆಯಿರಿ. 200 ಮಿ.ಮೀ. ಇರಬೇಕಾದ ಗೆರೆ 194 ಬಂದಿದ್ದರೆ ಆ ಹಾಳೆಯನ್ನು ಬಿಸಾಡಿ, ಏಕೆಂದರೆ ಅಂಗಡಿಯ ಡೋವೆಲ್ ಕಡ್ಡಿಯೂ (ದುಂಡಗಿನ ಮರದ ಕಡ್ಡಿ) ಡ್ರಿಲ್ ಬಿಟ್ಟೂ ನಿಮ್ಮ ನಕ್ಷೆಯೊಂದಿಗೆ ಕುಗ್ಗುವುದಿಲ್ಲ. ಕತ್ತರಿಸಲು ಒಂದು ಪ್ರತಿ, ಹೋಲಿಸಿ ನೋಡಲು ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

## ಹಂತ 2: ಮರದ ಆಯ್ಕೆ ಮತ್ತು ಒಣಗಿಸುವಿಕೆ

ಬಣ್ಣ ಬಳಿಯದೆ, ಮರದ ಸಹಜ ಬಣ್ಣಗಳಿಂದಲೇ ವಿವರಗಳನ್ನು ತೋರಿಸುವುದು ಈ ಬಗೆಯ ಮಾದರಿಗಳ ರೂಢಿ. ಕ್ಯಾಬಿನ್ನಿಗೆ ಮೇಪಲ್, ಬೀಚ್‌ನಂಥ ತಿಳಿಬಣ್ಣದ ಮರ, ಟೈರುಗಳಿಗೆ ವಾಲ್‌ನಟ್ ಅಥವಾ ಬೀಟೆ, ಚಾಸಿಸ್ಸಿಗೆ ಎಳೆ (ಮರದ ನಾರಿನ ಸಾಲು) ನೇರವಾಗಿರುವ ಯಾವುದೇ ಗಟ್ಟಿ ಮರ ಸರಿಹೊಂದುತ್ತದೆ. ಪೈನ್‌ನಂಥ ಮೆದು ಮರ ಕತ್ತರಿಸಲು ಹಗುರವೆನಿಸಿದರೂ ಸಣ್ಣ ಭಾಗಗಳ ಅಂಚು ನಿಲ್ಲುವುದಿಲ್ಲ. ಎಳೆ ದಪ್ಪವಾಗಿ, ಅಗಲವಾಗಿ ಕಾಣುವ ಮರವನ್ನೂ ಬಿಡಿ. ದೊಡ್ಡ ಪೀಠೋಪಕರಣಕ್ಕೆ ಅಂದವಾಗಿರುವ ಎಳೆ ಪುಟ್ಟ ಬಾಗಿಲಿನ ಮೇಲೆ ಪ್ರಮಾಣವನ್ನೇ ಕೆಡಿಸುತ್ತದೆ.

ತಂದ ಹಲಗೆಯನ್ನು ತೆಳುವಾಗಿ ಸೀಳಿ, ನಡುನಡುವೆ ಕಡ್ಡಿಗಳನ್ನಿಟ್ಟು, ಕೆಲಸ ಮಾಡುವ ಕೋಣೆಯಲ್ಲಿಯೇ ಎರಡು ವಾರ ಬಿಡಬೇಕು. ಮರ ಉದ್ದಕ್ಕೆ ಕುಗ್ಗುವುದು ನಗಣ್ಯ. ಎಳೆಗೆ ಅಡ್ಡಲಾಗಿ ಕುಗ್ಗುವುದೇ ತೊಂದರೆ. ತೇವವನ್ನು ಅಳೆಯುವ ಮೀಟರ್ ಇದ್ದರೆ 8ರಿಂದ 12 ಪ್ರತಿಶತದೊಳಗಿರುವುದನ್ನು ನೋಡಿಕೊಳ್ಳಿ. ಮೀಟರ್ ಇಲ್ಲದಿದ್ದರೆ ಒಂದು ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕೆಲವು ದಿನಗಳಿಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಮರ ಕೋಣೆಯ ಹವೆಗೆ ಹೊಂದಿಕೊಂಡಿದೆ ಎಂದರ್ಥ. ಸೀಳಿದ ತುಂಡು ರಾತ್ರಿ ಕಳೆಯುವುದರೊಳಗೆ ದೋಣಿಯಂತೆ ಬಾಗಿದರೆ ಅದರಿಂದ ಚಾಸಿಸ್ ಮಾಡಬೇಡಿ.

## ಹಂತ 3: ಚಕ್ರಗಳು, ಎಲ್ಲಕ್ಕಿಂತ ಮೊದಲು

ನಕ್ಷೆಗಳಲ್ಲಿ ಚಕ್ರ ಸಾಮಾನ್ಯವಾಗಿ ಕೊನೆಯ ಪುಟದಲ್ಲಿರುತ್ತದೆ. ಅದನ್ನು ಮೊದಲು ಮಾಡಿ ಎನ್ನುವುದಕ್ಕೆ ಗಟ್ಟಿಯಾದ ಕಾರಣವಿದೆ. 65 ಮಿ.ಮೀ. ಎಂದು ನಮೂದಾಗಿರುವ ಹೋಲ್ ಸಾ ಅಷ್ಟು ವ್ಯಾಸದ ತೂತನ್ನು ಕೊರೆಯುತ್ತದೆ, ಒಳಗಿನಿಂದ ಹೊರಬರುವ ಬಿಲ್ಲೆ ಹಲ್ಲುಗಳ ದಪ್ಪದಷ್ಟು ಎರಡೂ ಕಡೆ ಕಳೆದುಕೊಂಡು ಚಿಕ್ಕದಾಗಿರುತ್ತದೆ. ಉಜ್ಜಿದ ಮೇಲೆ ಇನ್ನೂ ಚಿಕ್ಕದಾಗುತ್ತದೆ. ಹೀಗಾಗಿ ಚಕ್ರ ಕೈಗೆ ಬರುವವರೆಗೆ ಅದರ ವ್ಯಾಸವೂ, ಅದಕ್ಕೆ ತಕ್ಕ ಅಚ್ಚಿನ ಎತ್ತರವೂ ಖಚಿತವಾಗುವುದಿಲ್ಲ.

ನಡುವಿನ ತೂತಿನ ಕಥೆಯೂ ಅದೇ. ಹೋಲ್ ಸಾಗಳ ನಡುವಿನ ಬಿಟ್ ಹೆಚ್ಚಾಗಿ ಕಾಲು ಅಂಗುಲದ್ದು, ಅಂದರೆ 6.35 ಮಿ.ಮೀ. ಅದರೊಳಗೆ 6 ಮಿ.ಮೀ. ಡೋವೆಲ್ ಕಡ್ಡಿಯನ್ನು ಅಂಟಿಸಿದರೆ ಉಳಿಯುವ ಸಂದಿಯಲ್ಲಿ ಚಕ್ರ ವಾಲಿಯೇ ಒಣಗುತ್ತದೆ. ಓಲಾಡುವ ಚಕ್ರಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿ. ಅಂಗಡಿಯ ಡೋವೆಲ್ ಕಡ್ಡಿಗಳೂ ನಮೂದಿಸಿದ ಅಳತೆಗೆ ಇರುವುದು ಅಪರೂಪ, ಕೆಲವು ಒಣಗಿ ಮೊಟ್ಟೆಯಾಕಾರಕ್ಕೆ ತಿರುಗಿರುತ್ತವೆ. ಕಡ್ಡಿಯನ್ನು ಎರಡು ದಿಕ್ಕಿನಲ್ಲಿ ಕ್ಯಾಲಿಪರಿನಿಂದ ಅಳೆದು, ಚಕ್ರದ ತೂತಿಗೆ ಬಿಗಿಯಾಗಿ ಕೂರುವುದನ್ನು ಆರಿಸಿಕೊಳ್ಳಬೇಕು. ಚಾಸಿಸ್ಸಿನ ತೂತಿನ ಅಳತೆ ಈ ಕಡ್ಡಿಯಿಂದ ನಿರ್ಧಾರವಾಗುತ್ತದೆ.

ಒಂದೇ ದಪ್ಪ ಹಲಗೆಯಿಂದ ತೆಗೆದ ಚಕ್ರಕ್ಕೆ ಇನ್ನೊಂದು ದೌರ್ಬಲ್ಯವಿದೆ. ಟೈರಿನ ಗೀರುಗಳನ್ನು ಕೊರೆದಾಗ, ಎಳೆ ಅಡ್ಡಲಾಗಿ ಹಾಯುವ ಎರಡು ಎದುರುಬದುರು ಜಾಗಗಳಲ್ಲಿ ಗೀರುಗಳ ನಡುವಿನ ಹಲ್ಲುಗಳು ಚಿಟಿಕೆ ಹೊಡೆದಂತೆ ಹಾರಿಹೋಗುತ್ತವೆ. ಎರಡು ತೆಳು ಹಲಗೆಗಳನ್ನು ಎಳೆಗಳು ಒಂದಕ್ಕೊಂದು ಲಂಬವಾಗುವಂತೆ ಅಂಟಿಸಿ, ಪೂರ್ತಿ ಒಂದು ದಿನ ಒಣಗಿಸಿದ ನಂತರ ಬಿಲ್ಲೆ ಕೊರೆದರೆ ಈ ತೊಂದರೆ ಬಹಳಷ್ಟು ತಗ್ಗುತ್ತದೆ. ಚಕ್ರ ಕಾಲಕ್ರಮದಲ್ಲಿ ಅಂಡಾಕಾರಕ್ಕೆ ತಿರುಗುವುದನ್ನೂ ಇದು ತಡೆಯುತ್ತದೆ.

ಕೊರೆಯುವ ವಿಧಾನ ಹೀಗೆ. ಹಲಗೆಯನ್ನು ಡ್ರಿಲ್ ಪ್ರೆಸ್ಸಿನ ಮೇಜಿಗೆ ಕ್ಲ್ಯಾಂಪ್ ಮಾಡಿ. ಕೈಯಲ್ಲಿ ಹಿಡಿದು ಹೋಲ್ ಸಾ ಎಂದಿಗೂ ಇಳಿಸಬಾರದು, ಹಲ್ಲು ಕಚ್ಚಿದರೆ ಹಲಗೆ ಗಿರ್ರನೆ ತಿರುಗಿ ಬೆರಳಿಗೆ ಬಡಿಯುತ್ತದೆ. ಒಮ್ಮೆ ಒಂದೆರಡು ಮಿ.ಮೀ. ಆಳಕ್ಕೆ ಇಳಿಸಿ, ಮೂಡಿದ ವೃತ್ತದ ಗೀರಿನ ಮೇಲೆ, ಹೊರಗಿನ ಅಂಚಿಗೆ ಸರಿದಂತೆ 8 ಮಿ.ಮೀ. ತೂತೊಂದನ್ನು ಆರುಪಾರು ಕೊರೆಯಿರಿ. ಆ ತೂತು ಚಕ್ರದ ಕಡೆಗೆ ನುಗ್ಗದೆ ವ್ಯರ್ಥ ಭಾಗದಲ್ಲಿರಬೇಕು. ಹೊಟ್ಟು ಅದರಿಂದ ಕೆಳಗೆ ಬೀಳುತ್ತದೆ, ಹಲ್ಲು ಬಿಸಿಯಾಗುವುದಿಲ್ಲ, ಅಂಚು ಸುಟ್ಟು ಕಪ್ಪಾಗುವುದಿಲ್ಲ. ಅರ್ಧ ದಪ್ಪದವರೆಗೆ ಕೊರೆದು ಹಲಗೆಯನ್ನು ಮಗುಚಿ, ನಡುವಿನ ತೂತನ್ನೇ ಗುರುತಾಗಿಟ್ಟುಕೊಂಡು ಉಳಿದರ್ಧ ಮುಗಿಸಿ. ವೇಗ ಕಡಿಮೆಯಿರಲಿ. ಹೊಗೆಯ ವಾಸನೆ ಬಂದರೆ, ಅಥವಾ ಶಬ್ದ ಇದ್ದಕ್ಕಿದ್ದಂತೆ ಕೀರಲಾದರೆ ತಕ್ಷಣ ಮೇಲೆತ್ತಿ ಹಲ್ಲುಗಳ ನಡುವಿನ ಹೊಟ್ಟನ್ನು ತೆಗೆಯಬೇಕು. ಬೇಕಾದುದಕ್ಕಿಂತ ಎರಡು ಚಕ್ರ ಹೆಚ್ಚಾಗಿಯೇ ಕೊರೆದಿಟ್ಟುಕೊಳ್ಳಿ.

ಬಿಲ್ಲೆಗಳನ್ನು ಬೋಲ್ಟೊಂದಕ್ಕೆ ಪೋಣಿಸಿ, ನಟ್ ಬಿಗಿದು, ಡ್ರಿಲ್ ಪ್ರೆಸ್ಸಿಗೆ ಕಚ್ಚಿಸಿ ತಿರುಗಿಸುತ್ತ, ಹಲಗೆಚೂರಿಗೆ ಅಂಟಿಸಿದ ಉಪ್ಪುಕಾಗದದಿಂದ ಅಂಚನ್ನು ದುಂಡಗೆ ಮಾಡಿ. ಇದರ ನಂತರವೇ ಟೈರಿನ ಗೀರು. ವೃತ್ತವನ್ನು 24 ಭಾಗ ಮಾಡಿ, ಅಂದರೆ 15 ಡಿಗ್ರಿಗೊಂದರಂತೆ ಗುರುತಿಸಿ, ಚಕ್ರವನ್ನು ಮೊಳೆಯೊಂದರ ಮೇಲೆ ತಿರುಗಿಸುವ ಸಣ್ಣ ಜಿಗ್ (ತುಂಡನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಸಾಧನ) ಮಾಡಿಕೊಂಡರೆ ಎಲ್ಲ ಗೀರುಗಳೂ ಒಂದೇ ಆಳಕ್ಕೆ ಬರುತ್ತವೆ. ಕಣ್ಣಂದಾಜಿನಲ್ಲಿ ಗೀರು ಹಾಕಿದ ಚಕ್ರ ದೂರದಿಂದಲೇ ಗೊತ್ತಾಗುತ್ತದೆ.

## ಹಂತ 4: ಮೊದಲು ತೂತು, ಆಮೇಲೆ ಆಕಾರ

ಚಾಸಿಸ್ಸಿನ ಉದ್ದ ಪಟ್ಟಿಗಳಿರಲಿ, ಯಂತ್ರದ ತೋಳಿರಲಿ, ತುಂಡು ಚೌಕವಾಗಿರುವಾಗಲೇ ಎಲ್ಲ ತೂತುಗಳನ್ನೂ ಕೊರೆಯಬೇಕು. ಚೌಕದ ತುಂಡು ಮೇಜಿನ ಮೇಲೆ ಅಲುಗದೆ ಕೂರುತ್ತದೆ, ಅದರ ಅಂಚಿನಿಂದ ಅಳೆಯಬಹುದು. ಬಾಗಿದ ಆಕಾರ ಬಂದ ಮೇಲೆ ಅಳೆಯಲು ಅಂಚೂ ಇಲ್ಲ, ಹಿಡಿಯಲು ಮುಖವೂ ಇಲ್ಲ.

ಜೋಡಿ ಭಾಗಗಳನ್ನು ಬೇರೆ ಬೇರೆಯಾಗಿ ಮಾಡಬಾರದು. ಎಡ ಮತ್ತು ಬಲದ ಹಲಗೆಗಳನ್ನು ಎರಡೂ ಬದಿಗೆ ಅಂಟಿರುವ ಟೇಪಿನಿಂದ ಒಂದರ ಮೇಲೊಂದು ಅಂಟಿಸಿ, ಮೇಲೆ ನಕ್ಷೆಯನ್ನು ಹಚ್ಚಿ, ಒಟ್ಟಿಗೆ ಕೊರೆದು, ಒಟ್ಟಿಗೆ ಕತ್ತರಿಸಿ, ಒಟ್ಟಿಗೇ ಉಜ್ಜಿ. ನಕ್ಷೆಯ ಕೆಳಗೆ ಮಾಸ್ಕಿಂಗ್ ಟೇಪ್ ಹಾಕಿದ್ದರೆ ಕಾಗದ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಗರಗಸವನ್ನು ಗೆರೆಯ ಮೇಲೆಯೇ ಓಡಿಸದೆ ಹೊರಗೆ ಅರ್ಧ ಮಿ.ಮೀ. ಬಿಟ್ಟು, ಉಳಿದುದನ್ನು ಉಜ್ಜಿ ಗೆರೆಗೆ ತರಬೇಕು. ಸ್ಕ್ರೋಲ್ ಸಾ ಬ್ಲೇಡು ಒಂದು ಬದಿಗೆ ಎಳೆಯತೊಡಗಿದರೆ ಅದರ ಹರಿತ ಮುಗಿದಿದೆ; ಒತ್ತಿ ತಳ್ಳಿದರೆ ಮೇಲಿನ ಹಲಗೆ ಗೆರೆಯಲ್ಲಿದ್ದರೂ ಕೆಳಗಿನದು ಓರೆಯಾಗಿರುತ್ತದೆ.

ಬೆರಳಿಗಿಂತ ಚಿಕ್ಕದಾದ ಭಾಗವನ್ನು ಚಿಕ್ಕ ತುಂಡಿನಿಂದ ಮಾಡಲು ಹೋಗಬೇಡಿ. ಉದ್ದನೆಯ ಪಟ್ಟಿಯ ತುದಿಯಲ್ಲಿ ಆ ಭಾಗಕ್ಕೆ ಆಕಾರ ಕೊಟ್ಟು, ಉಜ್ಜಿ ಮುಗಿಸಿ, ಕಟ್ಟಕಡೆಗೆ ಬೇರ್ಪಡಿಸಿ. ಬೆರಳುಗಳ ಸುರಕ್ಷತೆಗೆ ಇದಕ್ಕಿಂತ ಉತ್ತಮ ನಿಯಮವಿಲ್ಲ.

## ಹಂತ 5: ಚಾಸಿಸ್ ಜೋಡಣೆ

ಅಚ್ಚಿನ ತೂತುಗಳನ್ನು ಕಡ್ಡಿಗಿಂತ ಅರ್ಧ ಮಿ.ಮೀ. ಹಿರಿದಾಗಿ ಕೊರೆಯಿರಿ. ಕೊರೆಯುವಾಗ ಡ್ರಿಲ್ ಪ್ರೆಸ್ಸಿನ ಮೇಜಿಗೆ ನೇರವಾದ ಪಟ್ಟಿಯೊಂದನ್ನು ಕಟ್ಟಿ, ಚಾಸಿಸ್ಸಿನ ಕೆಳ ಅಂಚನ್ನು ಅದಕ್ಕೆ ಒತ್ತಿ ಹಿಡಿದರೆ ಎಲ್ಲ ಅಚ್ಚುಗಳೂ ಒಂದೇ ಎತ್ತರಕ್ಕೆ ಬರುತ್ತವೆ. ಮೂರು ಅಚ್ಚುಗಳ ಲಾರಿಯಲ್ಲಿ ಒಂದು ತೂತು ಅರ್ಧ ಮಿ.ಮೀ. ಮೇಲೆ ಹೋದರೂ ಆ ಚಕ್ರ ನೆಲ ಮುಟ್ಟದೆ ಗಾಳಿಯಲ್ಲಿ ನಿಲ್ಲುತ್ತದೆ.

ಅಡ್ಡಪಟ್ಟಿಗಳನ್ನು ಒಂದೊಂದಾಗಿ ಅಳೆದು ಕತ್ತರಿಸದೆ, ತಡೆಗಟ್ಟಿಗೆ (ಉದ್ದ ನಿಗದಿಪಡಿಸಲು ಕಟ್ಟಿದ ತುಂಡಿಗೆ) ತಾಗಿಸಿ ಎಲ್ಲವನ್ನೂ ಒಂದೇ ಸಲಕ್ಕೆ ಕತ್ತರಿಸಬೇಕು. ಅಡ್ಡಪಟ್ಟಿಯ ತುದಿಮುಖ (ಎಳೆಗಳು ಅಡ್ಡಲಾಗಿ ಕತ್ತರಿಸಲ್ಪಟ್ಟ ಮುಖ) ಗೋಂದನ್ನು ಹೀರಿಕೊಳ್ಳುವುದರಿಂದ ಆ ಬೆಸುಗೆ ಬಲಹೀನ. ಉದ್ದಪಟ್ಟಿಯಲ್ಲಿ 2 ಮಿ.ಮೀ. ಆಳದ ತೋಡು ತೆಗೆದು ಕೂರಿಸಿ, ಅಥವಾ 3 ಮಿ.ಮೀ. ಕಡ್ಡಿಗಳನ್ನು ಮೊಳೆಯಂತೆ ಹೊಡೆಯಿರಿ.

ಗಾಜಿನ ಹಲಗೆಯ ಮೇಲೆ ಮೇಣದ ಕಾಗದ ಹಾಸಿ, ಅಚ್ಚಿನ ಕಡ್ಡಿಗಳನ್ನು ಗೋಂದಿಲ್ಲದೆ ತೂತುಗಳಲ್ಲಿ ತೂರಿಸಿಟ್ಟುಕೊಂಡೇ ಚಾಸಿಸ್ಸನ್ನು ಅಂಟಿಸಿ. ಕರ್ಣಗಳೆರಡನ್ನೂ ಅಳೆಯಿರಿ, ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗೋಂದು ಹಸಿಯಿರುವಾಗಲೇ ಸರಿಪಡಿಸಬೇಕು. ಕ್ಲ್ಯಾಂಪ್ ಬಿಗಿಯುವಾಗ ಕಡ್ಡಿಗಳು ತಿರುಗುವುದು ನಿಂತರೆ ಚೌಕಟ್ಟು ತಿರುಚಿಕೊಳ್ಳುತ್ತಿದೆ ಎಂಬುದರ ಸೂಚನೆ ಅದು. ಹಾಗಾದಾಗ ಇನ್ನಷ್ಟು ಬಿಗಿಯದೆ ಸಡಿಲಿಸಿ.

## ಹಂತ 6: ಕ್ಯಾಬಿನ್ ಮತ್ತು ಚಿಕ್ಕ ವಿವರಗಳು

ಇಲ್ಲಿಂದ ಮುಂದೆ ನಕ್ಷೆಯ ಅಂಕಿಗಳನ್ನು ನಂಬದೆ, ಎದುರಿಗಿರುವ ಚಾಸಿಸ್ಸನ್ನೇ ಅಳೆಯಿರಿ. ಚಾಸಿಸ್ ಅರ್ಧ ಮಿ.ಮೀ. ಅಗಲವಾಗಿದ್ದರೆ ಕ್ಯಾಬಿನ್ ಕೂಡ ಅಷ್ಟು ಅಗಲವಾಗಲಿ. ಅದು ನೋಡುವವರಿಗೆ ತಿಳಿಯುವುದಿಲ್ಲ, ಹೊಂದದ ಕ್ಯಾಬಿನ್ ಮಾತ್ರ ತಿಳಿಯುತ್ತದೆ.

ಕಿಟಕಿಗಳ ನಡುವಿನ ಕಂಬಗಳೇ ಹೆಚ್ಚು ಮುರಿಯುವ ಭಾಗ. ಎಳೆ ಕಂಬದ ಉದ್ದಕ್ಕೆ ಸಾಗುವಂತೆ ಹಲಗೆಯನ್ನು ಆರಿಸಿ. ಕಿಟಕಿಯಿಂದ ಕತ್ತರಿಸಿ ತೆಗೆದ ತುಂಡನ್ನು ಎಸೆಯದೆ, ಉಜ್ಜುವಾಗ ಮತ್ತೆ ಅದೇ ಜಾಗದಲ್ಲಿ ಇಟ್ಟುಕೊಂಡರೆ ಕಂಬಕ್ಕೆ ಆಸರೆಯಾಗುತ್ತದೆ. ಬಾಗಿಲಿನ ಗೆರೆಗಳನ್ನು ಕ್ಯಾಬಿನ್ ಬಿಡಿ ಹಲಗೆಗಳಾಗಿರುವಾಗಲೇ ಚಾಕುವಿನಿಂದ ಗೀರಿ, ತ್ರಿಕೋನ ಅರದಿಂದ ಅಗಲಿಸಿ. ದೀಪಗಳಿಗೆ 8 ಮಿ.ಮೀ. ಫೋರ್ಸ್ಟ್‌ನರ್ ಬಿಟ್ಟಿನಿಂದ 3 ಮಿ.ಮೀ. ಆಳದ ಕುಳಿ ಕೊರೆದು, ತಿಳಿಬಣ್ಣದ ಕಡ್ಡಿಯ ತುಂಡನ್ನು ಒಂದು ಮಿ.ಮೀ. ಹೊರಚಾಚುವಂತೆ ಕೂರಿಸಿದರೆ ಸಾಕು. ಇಂಧನದ ತೊಟ್ಟಿ, ಹೊಗೆಕೊಳವೆಗಳಿಗೂ ಡೋವೆಲ್ ಕಡ್ಡಿಯೇ ಆಗುತ್ತದೆ.

## ಹಂತ 7: ಮಡಚುವ ತೋಳು ಮತ್ತು ಸಿಲಿಂಡರುಗಳು

ಲಾರಿ ಮಾತ್ರ ಮಾಡುವವರು ಈ ಹಂತವನ್ನು ಬಿಟ್ಟು ಮುಂದೆ ಹೋಗಬಹುದು. ಅಗೆಯುವ ಯಂತ್ರ ಮಾಡುವವರು ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಯೇ.

ತೋಳಿನ ಚಲನೆಯನ್ನು ನಿರ್ಧರಿಸುವುದು ಕೀಲುಗಳ ನಡುವಿನ ಅಂತರ. ಹೊರ ಆಕಾರಕ್ಕೆ ಅದರಲ್ಲಿ ಪಾತ್ರವಿಲ್ಲ. ಮರ ಮುಟ್ಟುವ ಮೊದಲು ದಪ್ಪ ರಟ್ಟಿನಲ್ಲಿ ತೋಳುಗಳನ್ನು ಕತ್ತರಿಸಿ, ಕೀಲುಗಳಲ್ಲಿ ಗುಂಡುಸೂಜಿ ಚುಚ್ಚಿ, ಪೂರ್ತಿ ಮಡಚಿ, ಪೂರ್ತಿ ಚಾಚಿ ನೋಡಿ. ಎರಡೂ ಸ್ಥಿತಿಗಳಲ್ಲಿ ಸಿಲಿಂಡರಿನ ಎರಡು ಕೀಲುಗಳ ಅಂತರವನ್ನು ಅಳೆದು ಬರೆದುಕೊಳ್ಳಿ.

ಮರದ ಸಿಲಿಂಡರ್ ಎಂದರೆ ಕುರುಡು ತೂತಿನೊಳಗೆ (ಆರುಪಾರಾಗದ ತೂತು) ಜಾರುವ ಕಡ್ಡಿ. ಒಳಗೆ ಪೂರ್ತಿ ಸೇರಿದಾಗ ಕಡ್ಡಿಗೆ ಜಾಗ ಬೇಕು, ಹೊರಗೆ ಚಾಚಿದಾಗಲೂ ಸ್ವಲ್ಪ ಭಾಗ ಒಳಗೆ ಉಳಿದಿರಬೇಕು. ಆದ್ದರಿಂದ ಚಾಚಿದ ಉದ್ದ ಎಂದಿಗೂ ಮಡಚಿದ ಉದ್ದದ ಇಮ್ಮಡಿಯಾಗದು. ಉದಾಹರಣೆಗೆ ಮಡಚಿದಾಗ ಕೀಲುಗಳ ಅಂತರ 90 ಮಿ.ಮೀ. ಇದ್ದು, ಎರಡು ತುದಿಯ ಕಿವಿಗಳಿಗೆ (ಕೀಲಿನ ಕಡ್ಡಿ ಹಾಯುವ ಭಾಗಗಳಿಗೆ) ತಲಾ 10 ಮಿ.ಮೀ. ಹೋದರೆ ತೂತಿನ ಆಳ 70 ಮಿ.ಮೀ. ಉಳಿಯುತ್ತದೆ. 6 ಮಿ.ಮೀ. ಕಡ್ಡಿ ಅಲುಗಾಡದಿರಲು 15 ಮಿ.ಮೀ. ಒಳಗಿರಬೇಕೆಂದು ಇಟ್ಟುಕೊಂಡರೆ ಗರಿಷ್ಠ ಉದ್ದ 145 ಮಿ.ಮೀ. ನಿಮ್ಮ ರಟ್ಟಿನ ಮಾದರಿ 160 ಕೇಳುತ್ತಿದ್ದರೆ ಕೀಲಿನ ಜಾಗವನ್ನು ಈಗಲೇ ಸರಿಸಬೇಕು. ಅರ್ಧಕ್ಕೆ ಕಚ್ಚಿಕೊಳ್ಳುವ ಅಥವಾ ಕಡ್ಡಿ ಕಳಚಿ ಬೀಳುವ ತೋಳುಗಳಲ್ಲಿ ಈ ಲೆಕ್ಕ ಬಿಟ್ಟುಹೋಗಿರುತ್ತದೆ.

ದುಂಡು ಕಡ್ಡಿಯ ತುದಿಯಲ್ಲಿ ನಟ್ಟನಡುವೆ ಆಳದ ತೂತು ಕೊರೆಯುವುದು ಹೆಚ್ಚುಕಡಿಮೆ ಅಸಾಧ್ಯ. ಚೌಕದ ತುಂಡಿನಲ್ಲಿ ಮೊದಲು ತೂತು ಕೊರೆದು, ಆ ತೂತನ್ನೇ ನಡುವಾಗಿಟ್ಟುಕೊಂಡು ಹೊರಮೈಯನ್ನು ದುಂಡಗೆ ಮಾಡಿ. ತಳದ ಬಳಿ 1.5 ಮಿ.ಮೀ. ತೂತೊಂದನ್ನು ಬದಿಯಿಂದ ಕೊರೆಯಲು ಮರೆಯಬೇಡಿ. ಅದಿಲ್ಲದಿದ್ದರೆ ಬಿಗಿಯಾದ ಕಡ್ಡಿ ಒಳಗಿನ ಗಾಳಿಯನ್ನು ಒತ್ತಿ ಹಿಂದಕ್ಕೆ ಚಿಮ್ಮುತ್ತದೆ.

ತೋಳನ್ನು ಮೂರು ಪದರಗಳಲ್ಲಿ ಅಂಟಿಸಿ ಮಾಡಿದರೆ ಬಾಗಿನ ಜಾಗದಲ್ಲಿ ಸೀಳುವುದಿಲ್ಲ. ಕೀಲಿನ ಕಡ್ಡಿ ಹೊರಗಿನ ಎರಡು ಕಿವಿಗಳಿಗೆ ಮಾತ್ರ ಅಂಟಬೇಕು, ನಡುವಿನ ಭಾಗದಲ್ಲಿ ಸ್ವತಂತ್ರವಾಗಿ ತಿರುಗಬೇಕು. ಅಂಟಿಸುವ ಮುನ್ನ ಕಡ್ಡಿಯ ನಡುಭಾಗಕ್ಕೆ ಮೇಣ ಉಜ್ಜಿ, ಕಿವಿಗಳ ಸಂದಿಯಲ್ಲಿ ತೆಳು ರಟ್ಟಿನ ಚೂರು ಇಟ್ಟು, ಗೋಂದು ಒಣಗಿದ ಮೇಲೆ ಎಳೆದು ತೆಗೆಯಿರಿ.

## ಹಂತ 8: ಉಜ್ಜುವುದು ಮತ್ತು ಅಂಟಿಸುವುದು

ಪ್ರತಿ ಭಾಗವನ್ನೂ ಜೋಡಿಸುವ ಮೊದಲೇ 120, 180, 220ರ ಕ್ರಮದಲ್ಲಿ ಉಜ್ಜಿ ಮುಗಿಸಬೇಕು. ತುದಿಮುಖಗಳನ್ನು 320ರವರೆಗೆ ಒಯ್ಯಿರಿ. ನಡುವಿನ ಒಂದು ಸಂಖ್ಯೆಯನ್ನು ಹಾರಿಸಿದರೆ ಹಿಂದಿನ ಗೀರುಗಳು ಲೇಪನ ಬಿದ್ದ ಮೇಲೆ ಮೇಲೇಳುತ್ತವೆ. ಕೆಂಪು ಪಡೌಕ್‌ನಂಥ ಮರ ಬಳಸಿದ್ದರೆ ಅದರ ಪುಡಿ ಪಕ್ಕದ ತಿಳಿಮರದ ಎಳೆಗಳಿಗೆ ಸೇರಿ ಕಲೆಯಾಗುತ್ತದೆ. ಅವೆರಡನ್ನೂ ಅಂಟಿಸಿದ ಮೇಲೆ ಉಜ್ಜಲೇಬಾರದು.

ಗೋಂದು ಕಡಿಮೆಯಿರಲಿ. ಹೊರಬಂದ ಗೋಂದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ತೆಳುವಾಗಿ ಹರಡಿ, ಎಣ್ಣೆ ಹಚ್ಚಿದಾಗ ಬಿಳಿಚಿದ ಮಚ್ಚೆಯಾಗಿ ಕಾಣುತ್ತದೆ. ಅರ್ಧ ಗಂಟೆ ಕಾದು, ರಬ್ಬರಿನಂತಾದಾಗ ಉಳಿಯಿಂದ ಎಬ್ಬಿಸಿ ತೆಗೆಯುವುದು ಉತ್ತಮ. ತೇಗ, ಬೀಟೆಗಳಲ್ಲಿ ಸಹಜವಾದ ಎಣ್ಣೆಯಂಶವಿರುವುದರಿಂದ ಅಂಟಿಸುವ ಮುಖವನ್ನು ಅಸಿಟೋನ್‌ನಿಂದ ಒರೆಸಿ, ಅದು ಆರಿದ ಕೂಡಲೇ ಗೋಂದು ಹಚ್ಚಬೇಕು.

## ಹಂತ 9: ಲೇಪನ ಮತ್ತು ಕೊನೆಯ ಜೋಡಣೆ

ಚಕ್ರ, ಚಾಸಿಸ್, ಕ್ಯಾಬಿನ್, ತೋಳು, ಇವು ಬಿಡಿಬಿಡಿಯಾಗಿರುವಾಗಲೇ ಲೇಪನ ಹಚ್ಚಿ. ಮುಂದೆ ಗೋಂದು ಬೀಳಬೇಕಾದ ಜಾಗಗಳನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಬೇಕು, ಅಚ್ಚಿನ ತೂತುಗಳೊಳಗೆ ಲೇಪನ ಇಳಿಯಬಾರದು. ಎಣ್ಣೆಯಾದರೆ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದುದನ್ನು ಪೂರ್ತಿ ಒರೆಸಿ. ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರ ಮೇಲು. ಅಗಸೆ ಎಣ್ಣೆ, ಡ್ಯಾನಿಶ್ ಆಯಿಲ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯ ನಡುವೆ ಅದು ಸಂಗ್ರಹವಾಗಿ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ಕಡೆಯದಾಗಿ ಅಚ್ಚುಗಳು. ಒಂದು ಬದಿಯ ಚಕ್ರವನ್ನು ಕಡ್ಡಿಗೆ ಮೊದಲೇ ಅಂಟಿಸಿ ಒಣಗಿಸಿ, ಚಾಸಿಸ್ಸಿನ ಒಳಗೆ ಬರುವ ಭಾಗಕ್ಕೆ ಮೇಣ ತಿಕ್ಕಿ, ತೂರಿಸಿ, ಎರಡನೆಯ ಚಕ್ರವನ್ನು ಅಂಟಿಸಿ. ಗೋಂದನ್ನು ಚಕ್ರದ ತೂತಿನ ಹೊರ ಅರ್ಧಕ್ಕೆ ಮಾತ್ರ ಹಚ್ಚಿ, ಚಕ್ರಕ್ಕೂ ಚಾಸಿಸ್ಸಿಗೂ ನಡುವೆ ಒಂದು ಮಿ.ಮೀ. ದಪ್ಪದ ರಟ್ಟನ್ನು ಸೀಳಿ ಸಿಕ್ಕಿಸಿ. ಹಿಂದಿನ ಜೋಡಿ ಚಕ್ರಗಳ ನಡುವೆ 3 ಮಿ.ಮೀ. ದಪ್ಪದ ಸಣ್ಣ ಬಿಲ್ಲೆಯನ್ನು ಸೇರಿಸಬೇಕು. ಐದು ನಿಮಿಷಕ್ಕೊಮ್ಮೆ ಅಚ್ಚನ್ನು ಅರ್ಧ ಸುತ್ತು ತಿರುಗಿಸುತ್ತಿರಿ. ಬಿಗಿಯಾಗತೊಡಗಿದ್ದು ಅನುಭವಕ್ಕೆ ಬಂದರೆ ಗೋಂದು ಒಳಗೆ ನುಸುಳಿದೆ, ಮೊದಲ ಹತ್ತು ನಿಮಿಷಗಳಲ್ಲಾದರೆ ಚಕ್ರವನ್ನು ಎಳೆದು ತೆಗೆದು ಒರೆಸಿ ಮತ್ತೆ ಕೂರಿಸಲು ಸಾಧ್ಯ. ಒಣಗಿದ ಮೇಲೆ ಲಾರಿಯನ್ನು ಗಾಜಿನ ಮೇಲಿಟ್ಟು, ಪ್ರತಿ ಚಕ್ರದ ಕೆಳಗೆ ತೆಳು ಕಾಗದದ ಪಟ್ಟಿಯನ್ನು ತೂರಿಸಿ ಎಳೆದು ನೋಡಿ. ಸಲೀಸಾಗಿ ಜಾರಿಬರುವ ಪಟ್ಟಿಯಿದ್ದರೆ ಆ ಚಕ್ರ ನೆಲ ಮುಟ್ಟಿಲ್ಲ. ಆಗ ಗಾಜಿನ ಮೇಲೆ 180ರ ಉಪ್ಪುಕಾಗದ ಹಾಸಿ, ನೆಲ ಮುಟ್ಟಿರುವ ಉಳಿದ ಚಕ್ರಗಳನ್ನು ಒಂದೊಂದಾಗಿ ಅದರ ಮೇಲೆ ಕೈಯಿಂದ ತಿರುಗಿಸುತ್ತ, ಸುತ್ತಲೂ ಸಮನಾಗಿ ತುಸುವೇ ತೆಗೆಯಬೇಕು.